ನಾನು ತಿದ್ದಿದ ಸ್ಪ್ಯಾನಿಷ್

ತಪ್ಪು ಹುಡುಕುವುದಕ್ಕೆಂದೇ ಸರಕಾರ ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟಿದೆ. ತೆಲುಗು ನಾಡಿನ ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನಕ್ಕೆ ಹೋಗುವ ಉಪಕರಣಗಳೆಲ್ಲ ನನ್ನ ಮೇಜಿಗೆ ಬಂದು, ಗುರುಸಿದ್ದಪ್ಪನೆಂಬ ನಾನು ಕಣ್ಣು ಕಿರಿದು ಮಾಡಿ 'ಹೂಂ' ಎಂದ ಮೇಲೆಯೇ ಮುಂದೆ ಹೋಗುತ್ತಿದ್ದವು. ಹೋದ ವರ್ಷ ನಿವೃತ್ತನಾದೆ. ಉಪಕರಣಗಳು ಕಾರ್ಖಾನೆಯಲ್ಲೇ ಉಳಿದವು. ಕಣ್ಣು ಮಾತ್ರ ನನ್ನ ಸಂಗಡ ಮನೆಗೆ ಬಂತು. ಮನೆಯಲ್ಲಿ ತಪಾಸಣೆಗೆ ಸಿಗುವ ಜೀವ ಒಂದೇ ಒಂದು: ನನ್ನ ಹೆಂಡತಿ ಕಮಲಾಕ್ಷಿ.

ಒಂದು ದಿನ ಆಕೆ ಅಬಿಡ್ಸ್ ಪೇಟೆಗೆ ಹೋಗಿ ಬಂದವಳು ಚೀಲ ಕೆಳಗಿಡುವ ಮೊದಲೇ ಹೇಳಿದಳು.

"ರೀ, ನಾ ಸ್ಪ್ಯಾನಿಷ್ ಕಲೀತೀನಿ."

ನನ್ನ ಕೈಯಲ್ಲಿದ್ದ ಚಹಾ ಲುಂಗಿಗೆ ಪ್ರೋಕ್ಷಣೆಯಾಯಿತು.

"ಸ್ಪ್ಯಾನಿಷ್ಷಾ? ಆ ದೇಶದಾಗ ನಮ್ಮ ಪೈಕಿ ಯಾರದಾರ?"

"ಯಾರೂ ಇಲ್ಲ. ಅಲ್ಲೊಂದು ಕಾಲೇಜಿನ ಗೇಟಿಗೆ ಬೋರ್ಡ್ ಹಾಕ್ಯಾರ. ಸಂಜೀ ಕ್ಲಾಸು, ಯಾವ ವಯಸ್ಸಿನವರೂ ಬರಬಹುದಂತ."

"ಬೋರ್ಡ್ ಸಾವಿರ ಇರ್ತಾವ. ನಿನಗ ಯಾಕ ಬೇಕು?"

"ನಿಮಗ ಬರೂದಿಲ್ಲಲ್ಲ, ಅದಕ್ಕ."

ಆಮೇಲೆ ಕೂತು ಬಿಡಿಸಿ ಹೇಳಿದಳು. "ಕಾಯಿಪಲ್ಲೆ ಅಂವನ ಕೂಡ ತೆಲುಗಿನಾಗ ಮಾತಾಡಿದ್ರ ನಡುವ ಬಾಯಿ ಹಾಕ್ತೀರಿ. ಬಾಜೂ ಮನೀಯವ್ರ ಕೂಡ ಹಿಂದಿ ಮಾತಾಡಿದ್ರ ಹಿಂದ ನಿಂತು ತಿದ್ದತೀರಿ. ಕನ್ನಡದಾಗಂತೂ ನಾ ಸುರು ಮಾಡಿದ ಮಾತು ನೀವ ಮುಗಸ್ತೀರಿ. ಒಂದು ಭಾಷಾದಾಗರೆ ನನ್ನ ತಪ್ಪು ನಾ ಮಾಡ್ತೀನಿ, ಬಿಡ್ರಿ."

ಬುದ್ಧಿಯಿದ್ದ ಯಾವ ಗಂಡಸಿಗಾದರೂ ಇದು ಅರ್ಥವಾಗುತ್ತಿತ್ತು. ನನಗೂ ಅರ್ಥವಾಯಿತು: ಪಾಪ, ಒಬ್ಬಳೇ ಹೋಗಲು ಅಂಜುತ್ತಿದ್ದಾಳೆ! ಮರುದಿನವೇ ಬಸ್ಸು ಹತ್ತಿ ಹೋಗಿ ಎರಡು ಅರ್ಜಿ ತಂದೆ. (ನನ್ನ ಅರ್ಜಿಯಲ್ಲಿ 'ಕಲಿಯುವ ಉದ್ದೇಶ' ಎಂಬಲ್ಲಿ 'ಪತ್ನಿಗೆ ಮಾರ್ಗದರ್ಶನ' ಎಂದು ಬರೆದೆ. ನಿಮಗೇ ಬಾರದ ಭಾಷೆಯಲ್ಲಿ ಅದೆಂಥ ಮಾರ್ಗದರ್ಶನ ಎಂದು ಯಾರೂ ಕೇಳಲಿಲ್ಲ.) ಕಮಲಾಕ್ಷಿ ಹೊಸ ನೋಟ್‌ಬುಕ್ಕಿನ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ಎರಡು ಅರ್ಜಿ ನೋಡಿದವಳು ಪೆನ್ನಿಗೆ ಟೊಪ್ಪಿಗೆ ಹಾಕಿದಳು. ಆ ಟೊಪ್ಪಿಗೆಯ ಸದ್ದು ನನಗೆ ಈಗ ಕೇಳಿಸುತ್ತದೆ. ಆಗ ಕೇಳಿಸಲಿಲ್ಲ.

ಬುಧವಾರ, ಶನಿವಾರ ಸಂಜೆ ಕ್ಲಾಸು. ಕಲಿಸುವ ಪ್ರಿಯಂವದಾ ಮೇಡಂ ಮದುವೆಯಾಗಿ ಹೋದ ನಮ್ಮ ಮಗಳ ಓರಗೆಯವರು. ಸುತ್ತ ಕೂತವರೆಲ್ಲ ಕಾಲೇಜು ಹುಡುಗರು. ನಮ್ಮ ಹಿಂದಿನ ಬೆಂಚಿಗೆ ತೇಜಸ್ವಿನಿ ಎಂಬ ಮೈಸೂರಿನ ಹುಡುಗಿ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಮೊದಲ ಪಾಠ 'ಮೆ ಯಾಮೊ', ಅಂದರೆ 'ನನ್ನ ಹೆಸರು'. ಮೇಡಂ ಕಮಲಾಕ್ಷಿಯತ್ತ ತಿರುಗಿ ಹೆಸರು ಕೇಳಿದರು. ಆಕೆ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ನಾನು ಎದ್ದು ನಿಂತು ಘೋಷಿಸಿದೆ: "ಮೆ ಯಾಮೊ ಕಮಲಾಕ್ಷಿ!"

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. "ಅಂಕಲ್, ಜರಾ ಆಂಟೀಕು ಬೋಲ್ನೇ ದೇವ್," ಆಂಟಿಗೂ ಸ್ವಲ್ಪ ಮಾತಾಡಲು ಬಿಡಿ ಎಂದು ಮೇಡಂ ಕೈಮುಗಿದರು. ಕಮಲಾಕ್ಷಿ ನೋಟ್‌ಬುಕ್ಕಿನೊಳಗೆ ತಲೆ ಹುದುಗಿಸಿದಳು. ನಾಚಿಕೆ ಸ್ವಭಾವ ಎಂದುಕೊಂಡೆ.

ಎರಡನೆಯ ಪಾಠ 'ಮುಚೊ ಗೂಸ್ತೊ', ಅಂದರೆ 'ನಿಮ್ಮನ್ನು ಕಂಡು ಭಾಳ ಸಂತೋಷ'. ಅದನ್ನು ಎದುರು ಮನೆಯ ವಿನಾಯಕರ ಮೇಲೆ ಪ್ರಯೋಗಿಸಿದೆ. ಇಳಕಲ್ಲಿನವರು ಅವರು, ಮೊದಲರ್ಧವನ್ನು ಕನ್ನಡದಲ್ಲೇ ಕೇಳಿಸಿಕೊಂಡರು. ನಾಲ್ಕು ದಿನ ನಿಜವಾಗಿಯೂ ಮುಚ್ಚಿಕೊಂಡಿದ್ದರು.

ಹೀಗೆ ಮೂರು ತಿಂಗಳು ಸಾಗಿತು. ಕಮಲಾಕ್ಷಿ ಬರೆದಳು, ನಾನು ತಿದ್ದಿದೆ. ಆಕೆ ಬಾಯಿ ತೆರೆದಳು, ನಾನು ಮುಗಿಸಿದೆ. ಕೊನೆಗೆ ಮೌಖಿಕ ಪರೀಕ್ಷೆ ಬಂತು. ಇಬ್ಬಿಬ್ಬರ ಜೋಡಿ. ಒಬ್ಬರಿಗೆ ಏನೇನು ಇಷ್ಟ ಎಂದು ಇನ್ನೊಬ್ಬರು ಹೇಳಬೇಕು. ಎದುರಿನವರು 'ಸಿ' ಅಂದರೆ ಹೌದು, 'ನೋ' ಅಂದರೆ ಅಲ್ಲ. ನಾನು ಹತ್ತು ವಾಕ್ಯ ಹಿಂದಿನ ದಿನವೇ ಬರೆದು ಬಾಯಿಪಾಠ ಮಾಡಿದೆ.

"ನನಗೇನು ಸೇರ್ತೈತಿ ಅಂತ ನನ್ನ ಒಂದ್ಸಲ ಕೇಳ್ರಲ್ಲ," ಎಂದಳು.

"ಇಪ್ಪತ್ತೆಂಟು ವರ್ಷ ಆತು ಲಗ್ನ ಆಗಿ. ಕೇಳೂದೇನೈತಿ?"

ಪರೀಕ್ಷೆಯ ಕೋಣೆಯಲ್ಲಿ ನಾನು ಎದೆ ಸೆಟೆಸಿ ಸ್ಪ್ಯಾನಿಷ್‌ನಲ್ಲಿ ಶುರು ಮಾಡಿದೆ. "ನನ್ನ ಹೆಂಡತಿಗೆ ಅಡಿಗೆ ಮಾಡುವುದು ಇಷ್ಟ."

"ನೋ," ಎಂದಳು ಕಮಲಾಕ್ಷಿ.

"ಜೀಡಿಮೆಟ್ಲಾದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗುವುದು ಇಷ್ಟ."

"ನೋ, ನೋ."

"ಚಹಾ ಇಷ್ಟ."

"ನೋ. ನನಗೆ ಚಹಾ ಇಷ್ಟವಿಲ್ಲ. ಕಾಫಿ ಇಷ್ಟ." ಪೂರ್ಣ ವಾಕ್ಯ, ಒಂದೂ ತಪ್ಪಿಲ್ಲ.

ಪ್ರತಿ ರವಿವಾರ ಆಕೆಯನ್ನು ಇರಾನಿ ಹೋಟೆಲಿಗೆ ಕರೆದೊಯ್ದು ಚಹಾ ಕುಡಿಸಿದ್ದು ನಾನು! ಬೇಡವೆಂದರೂ ಇನ್ನೊಂದು ಕಪ್ ಹೇಳಿದ್ದು ನಾನು! ಕನ್ನಡದಲ್ಲೇ ಕೂಗಿದೆ. "ಏ, ಮತ್ತ ಯಾಕ ಹೇಳಲಿಲ್ಲ?"

"ಸ್ಪ್ಯಾನಿಷ್‌ನಲ್ಲಿ ಕೇಳಿ, ಅಂಕಲ್," ಎಂದರು ಮೇಡಂ.

'ಯಾಕೆ ಹೇಳಲಿಲ್ಲ' ಎಂದು ಕೇಳಲು ಭೂತಕಾಲ ಬೇಕು. ಭೂತಕಾಲ ಕಲಿಸುವುದು ಎರಡನೆಯ ಹಂತದಲ್ಲಿ. ನಾನು ಕೂತೆ.

ಆಮೇಲೆ ಆಕೆಯ ಸರದಿ. ಚೀಟಿ ಇಲ್ಲ, ತಡವರಿಕೆ ಇಲ್ಲ. ನನ್ನ ಗಂಡನಿಗೆ ಮಾತಾಡುವುದು ಇಷ್ಟ. ಸಿ. ತಪ್ಪು ಹುಡುಕುವುದು ಇಷ್ಟ. ಸಿ. ಉಪ್ಪು ಖಾರ ಹಚ್ಚಿದ ಪೇರಲ ಹಣ್ಣು ಇಷ್ಟ. ಸಿ. ಇಂಜೆಕ್ಷನ್ ಇಷ್ಟವಿಲ್ಲ. ಸಿ. ಮನೆಯಲ್ಲಿ ಒಬ್ಬರೇ ಇರುವುದು ಇಷ್ಟವಿಲ್ಲ. ಈ ಕೊನೆಯದು ಆಕೆ ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. "ಸಿ," ಎಂದೆ. ದನಿ ಸಣ್ಣದಾಗಿತ್ತು.

ಮೇಡಂ ನಗುತ್ತ ಕೊನೆಯ ಪ್ರಶ್ನೆ ಕೇಳಿದರು. "ಮತ್ತೆ ಈ ಗಂಡ? ಇಷ್ಟವೇ?"

ಕಮಲಾಕ್ಷಿ ಸ್ವಲ್ಪ ಯೋಚಿಸಿ ಹೇಳಿದಳು. "ಉನ್ ಪೋಕೊ. ಅಕೀ, ನೋ."

'ಉನ್ ಪೋಕೊ' ಎಂದರೆ ಸ್ವಲ್ಪ, ಅದು ಗೊತ್ತಿತ್ತು. ಆದರೆ ಆಕಿ? ಯಾವಾಕಿ? ತಿರುಗಿ ನೋಡಿದೆ. ಬಾಗಿಲ ಹೊರಗೆ ತನ್ನ ಸರದಿಗೆ ಕಾದಿದ್ದ ತೇಜಸ್ವಿನಿಯ ಹೊರತು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅಬಿಡ್ಸ್‌ನಿಂದ ಬಾಲಾನಗರದವರೆಗೂ ಪೀಡಿಸಿದೆ. "ಯಾವಾಕಿ ಅಂತ ಹೇಳು. ನನ್ನ ಮ್ಯಾಲೆ ಸಂಶೇನ?" ಆಕೆ ಕಿಟಕಿಯ ಹೊರಗೇ ನೋಡುತ್ತ ಕೂತಳು. ಮನೆಗೆ ಬಂದು ಪುಸ್ತಕ ತಿರುವಿದೆ. 'ಅಕೀ' ಎಂದರೆ 'ಇಲ್ಲಿ'.

ಸ್ವಲ್ಪ ಇಷ್ಟ. ಇಲ್ಲಿ, ಇಲ್ಲ.

ಅವತ್ತು ಮನೆಯಲ್ಲಿ ನಾನು ಆಕೆಯ ಯಾವ ಮಾತನ್ನೂ ಮುಗಿಸಲಿಲ್ಲ.

ಫಲಿತಾಂಶ ಬಂದಾಗ ಆಕೆಗೆ ಎಂಬತ್ತೇಳು, ನನಗೆ ಮೂವತ್ತನಾಲ್ಕು. ಆಕೆ ಎರಡನೆಯ ಹಂತಕ್ಕೆ ಹೋದಳು. "ಮತ್ತೆ ಮೊದಲಿನಿಂದ ಬನ್ನಿ, ಅಂಕಲ್," ಎಂದು ಮೇಡಂ ನನ್ನನ್ನು ಕರೆದರು. ಬೇಡವೆಂದೆ. ಜನ್ಮದಲ್ಲಿ ಮಾಡಿದ ಒಂದೇ ಒಂದು ಜಾಣ ಕೆಲಸ.

ಈಗ ಬುಧವಾರ, ಶನಿವಾರ ಆಕೆ ಒಬ್ಬಳೇ ಹೋಗುತ್ತಾಳೆ. ಬರುವಾಗ ಮೆಟ್ಟಿಲ ಮೇಲೆಯೇ ಕೇಳಿಸುತ್ತದೆ. ಫೋನಿನಲ್ಲಿ ತೇಜಸ್ವಿನಿಯೊಡನೆ ಸ್ಪ್ಯಾನಿಷ್ ಮಾತು, ನಡುನಡುವೆ ನಗು. ಅಂಥ ನಗು ನಮ್ಮ ಮನೆಯಲ್ಲಿ ನಾನು ಕೇಳಿದ್ದಿಲ್ಲ. ಹೊಸ್ತಿಲು ದಾಟಿ ನನ್ನನ್ನು ಕಂಡೊಡನೆ "ಅದಿಯೋಸ್" ಎಂದು ಫೋನು ಇಟ್ಟು, "ಚಹಾ ಮಾಡ್ಲ್ಯಾ?" ಎನ್ನುತ್ತಾಳೆ. ಚಹಾ ನನಗೊಬ್ಬನಿಗೇ.

ಮೂರು ಸಲ ಹೀಗಾಯಿತು. ಆ ನಗು ಒಂದು ಸಲವಾದರೂ ಮನೆಯೊಳಗೆ ಬರಲಿ ಎಂದು ಹೋದ ಶನಿವಾರ ಒಂದು ಉಪಾಯ ಹೂಡಿದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದ್ದೇ ತಡ, ಬಚ್ಚಲಿಗೆ ನುಗ್ಗಿ ಚಿಲಕ ಹಾಕಿ ಬಕೆಟ್ ಬೋರಲು ಹಾಕಿಕೊಂಡು ಕೂತೆ.

ಉಪಾಯ ಫಲಿಸಿತು! ಮನೆ ಖಾಲಿಯೆಂದು ತಿಳಿದು ಕಮಲಾಕ್ಷಿ ಮಾತಾಡಿದಳು, ನಕ್ಕಳು, ನಡುಮನೆಯಲ್ಲಿ ಓಡಾಡುತ್ತ ಮತ್ತೆ ನಕ್ಕಳು. ಇಪ್ಪತ್ತು ನಿಮಿಷ! ನನ್ನ ಕಣ್ಣು ಮಂಜಾಯಿತು. ಸೊಳ್ಳೆ ಕಚ್ಚಿದರೂ ಹೊಡೆಯಲಿಲ್ಲ. ಅಷ್ಟರಲ್ಲಿ ಒಂದು ಮಾತು ಕಿವಿಗೆ ಬಿತ್ತು. "ಎಲ್ ಪ್ರೊಬ್ಲೇಮಾ..."

ಎಲ್? 'ಎಲ್' ಗಂಡಿಗೆ ಹಚ್ಚುವುದು. ಪ್ರೊಬ್ಲೇಮಾ ಅಂದರೆ ಸಮಸ್ಯೆ; ಕೊನೆಗೆ 'ಆ' ಬಂದರೆ ಸ್ತ್ರೀಲಿಂಗ, ಮುಂದೆ 'ಲಾ' ಹಚ್ಚಬೇಕು. ಎರಡನೆಯ ವಾರದ ಪಾಠ. ಟವೆಲ್ ಬಾಯಿಗೆ ತುರುಕಿಕೊಂಡೆ. ಆಕೆ ಮತ್ತೊಮ್ಮೆ ಅಂದಳು, "ಎಲ್ ಪ್ರೊಬ್ಲೇಮಾ." ಟವೆಲ್ ತಾನಾಗಿಯೇ ಬಿತ್ತು.

"ಲಾ!" ಎಂದು ಬಚ್ಚಲ ಒಳಗಿಂದ ಗರ್ಜಿಸಿದೆ. "ಲಾ ಪ್ರೊಬ್ಲೇಮಾ! ಹೆಣ್ಣು ಅದು, ಹೆಣ್ಣು!"

ಹೊರಗೆ ಎಲ್ಲ ನಿಂತುಹೋಯಿತು. ಬಾಗಿಲ ಹತ್ತಿರ ಹೆಜ್ಜೆ ಸಪ್ಪಳ.

"ಇಲ್ರಿ," ಎಂದಳು ಕಮಲಾಕ್ಷಿ, ಸಿಟ್ಟಿಲ್ಲದೆ, ದಣಿದ ದನಿಯಲ್ಲಿ. "ನೋಡಾಕ ಹೆಣ್ಣಿನಂಗ ಕಾಣ್ತೈತಿ, ಅಷ್ಟ. ಪ್ರೊಬ್ಲೇಮಾ ಗಂಡು."

ಆಮೇಲೆ ಫೋನು ಹಿಡಿದು ಆಕೆ ತಾರಸಿಯ ಮೆಟ್ಟಿಲು ಹತ್ತುವುದು ಕೇಳಿಸಿತು. ನಾನು ಚಿಲಕ ತೆಗೆಯಲು ಭಾಳ ಹೊತ್ತು ಹಿಡಿಯಿತು.