ದೊರೆಸಾನಿಯ ನಲವತ್ತು ಮೊಲಗಳು

ನಲವತ್ತು ಮೊಲಕ್ಕೆ ಇಪ್ಪತ್ತು ರೂಪಾಯಿ. ಮೊಲ ಸರಿಯಾಗಿ ಬಂದರೆ ಹಂಚಿನ ಕಾರ್ಖಾನೆಯ ಬಂಗಲೆಗೆ ವರ್ಷವಿಡೀ ಅಕ್ಕಿ, ಸಕ್ಕರೆ, ಚಾಪುಡಿ ಎಲ್ಲ ನನ್ನ ಅಂಗಡಿಯಿಂದ. ವ್ಯಾಪಾರ ಇಷ್ಟೇ. ಕಂಕನಾಡಿ ಪೇಟೆಯಲ್ಲಿ ಅಂಗಡಿ ಇಟ್ಟವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿ ಗಿರಾಕಿಯ ಹಾಗೆ ಮೆಟ್ಟಿಲು ಹತ್ತಿ ಬರುತ್ತದೆ, ಗಿರಾಕಿಯ ಹಾಗೆಯೇ ಬೇಗ ಎದ್ದು ಹೋಗುವುದಿಲ್ಲ. ಯುದ್ಧಕ್ಕೆ ಎರಡು ಮೂರು ವರ್ಷ ಮೊದಲು ಒಮ್ಮೆ ಬಂದದ್ದು ಎರಡು ವಾರ ನಮ್ಮ ಮನೆಯಲ್ಲೇ ಕೂತಿತು.

೧. ಮೊಟ್ಟೆ ತರುವ ಮೊಲ

ಸುರುವಾದದ್ದು ಕೋಕೋ ಪುಡಿಯಿಂದ. ಬಂದರಿನಲ್ಲಿ ಏಲಂ ಆಗುತ್ತಿದ್ದ ಒಂದು ಪೆಟ್ಟಿಗೆಯನ್ನು ಚಾಪುಡಿ ಎಂದು ನಂಬಿ ನಾನು ಅಗ್ಗಕ್ಕೆ ಹಿಡಿದಿದ್ದೆ. ಮನೆಗೆ ತಂದು ಒಡೆದರೆ ಎರಡು ಡಜನ್ ಕೋಕೋ ಡಬ್ಬಿ. ಆಗ ನಮ್ಮ ಪೇಟೆಯಲ್ಲಿ ಅದನ್ನು ಕಂಡವರೇ ಕಡಿಮೆ. ಕೆಮ್ಮಿಗೆ ಒಳ್ಳೆಯದು ಎಂದು ಹೇಳಿ ಒಬ್ಬ ಹೆಂಗಸಿಗೆ ಒಂದು ಡಬ್ಬಿ ದಾಟಿಸಿದೆ. ನಾಲ್ಕನೆಯ ದಿವಸ ಡಬ್ಬಿ ಹಿಡಿದುಕೊಂಡು ಬಂದು ಜಗಳಕ್ಕೆ ನಿಂತಳು.

“ಎಂತ, ಕೆಮ್ಮು ಹೋಗಲಿಲ್ಲವಾ?” ಎಂದೆ.

“ಅತ್ತೆಯ ಕೆಮ್ಮು ಹೋಗಲಿಲ್ಲ. ಈಗ ಮಕ್ಕಳು ಆರು ಜನವೂ ಕೆಮ್ಮಲಿಕ್ಕೆ ಸುರು ಮಾಡಿದ್ದಾರೆ!”

ಹೀಗೆ ಕೂತಿದ್ದ ಮಾಲನ್ನು ಕೇಳಿಕೊಂಡು ಬಂಗಲೆಯ ಬಟ್ಲರು ಬಂದ. ಅಡಿಗೆ, ಸಾಮಾನು, ಕಾರ್ಖಾನೆಯ ಬಿಳಿ ದೊರೆಯ ಹೆಂಡತಿ ದೊರೆಸಾನಿಯ ಸಿಟ್ಟು, ಮೂರನ್ನೂ ನೋಡಿಕೊಳ್ಳುವವನು ಅವನೇ. ಕ್ರಿಶ್ಚಿಯನ್ನರನ್ನು ನಮ್ಮಲ್ಲಿ ಪೊರ್ಬುಗಳು ಎಂದು ಮರ್ಯಾದೆಯಿಂದ ಕರೆಯುವ ರೂಢಿ. ನಾನೂ ಹಾಗೆಯೇ ಕರೆದು ಸ್ಟೂಲು ಕೊಟ್ಟೆ.

ಸಂಗತಿ ಇದು. ಈಸ್ಟರ್ ಹಬ್ಬಕ್ಕೆ ದೊರೆಸಾನಿ ಪ್ರತಿ ವರ್ಷ ತನ್ನ ಊರಿನಿಂದ ಚಾಕಲೇಟಿನ ಮೊಲ ತರಿಸುತ್ತಾಳೆ. ಅವನ್ನು ತೋಟದಲ್ಲಿ ಅಡಗಿಸಿ ಇಡುವುದು, ಕರೆದ ಮಕ್ಕಳು ಹುಡುಕಿ ತೆಗೆಯುವುದು. ಈ ವರ್ಷವೂ ಪೆಟ್ಟಿಗೆ ಬಂದಿತ್ತು. ಆದರೆ ಹಡಗಿನ ಸೆಕೆಗೆ ನಲವತ್ತು ಮೊಲವೂ ಕರಗಿ ಒಂದೇ ಹಲಗೆ ಆಗಿದ್ದವು.

“ಇಪ್ಪತ್ತು ಮಕ್ಕಳನ್ನು ಕರೆದಾಗಿದೆ ಸಾವುಕಾರ್ರೇ. ತಲೆಗೆ ಎರಡು ಮೊಲ. ಕೋಕೋ ಇರುವುದು ನಿಮ್ಮಲ್ಲಿ ಮಾತ್ರ. ಮನೆಯಲ್ಲೇ ಮಾಡಿಸಿ ಕೊಟ್ಟರೆ ಸಾಮಾನಿನ ಅಂಗಡಿಯನ್ನೂ ಬದಲಿಸುತ್ತಾರಂತೆ.”

“ಅಲ್ಲ ಪೊರ್ಬುಗಳೇ, ಹಬ್ಬಕ್ಕೆ ಮೊಲ ಯಾಕೆ?”

“ಅದು ಮೊಟ್ಟೆ ತರ್ತದಂತೆ.”

“ಮೊಲ ಮೊಟ್ಟೆ ಇಡ್ತದಾ?”

ಬಟ್ಲರು ಎದ್ದು ಟೊಪ್ಪಿ ಸರಿಮಾಡಿಕೊಂಡ. “ನನಗೆ ಸಂಬಳ ಕೊಡುವವರು ಹೇಳಿದರೆ ಆನೆಯೂ ಮೊಟ್ಟೆ ಇಡ್ತದೆ ಸಾವುಕಾರ್ರೇ.”

೨. ಕೂತ ಮೊಲ, ಮಲಗಿದ ಮೊಲ

ದೊರೆಸಾನಿ ಹೇಳಿದ ಕ್ರಮವನ್ನು ಬಟ್ಲರು ನನಗೆ ಬಾಯಿಪಾಠ ಮಾಡಿಸಿದ್ದ. ಬೆಣ್ಣೆ ಕರಗಿಸಬೇಕು, ಕೋಕೋ ಸಕ್ಕರೆ ಕಲಸಬೇಕು, ಆಕಾರ ಕೊಡಬೇಕು, ಆರಲಿಕ್ಕೆ ಬಿಡಬೇಕು. ನನ್ನ ಅಮ್ಮ ಆ ಪರದೇಶದ ಪುಡಿಯನ್ನು ಅಡಿಗೆ ಕೋಣೆಗೆ ತರಲು ಬಿಡಲಿಲ್ಲ. ಬಚ್ಚಲಿನ ಒಲೆಯಲ್ಲಿ ಉರುಳಿ ಪಾತ್ರೆ ಇಟ್ಟು ನಾನೇ ಕಲಸಿದೆ. ಕೈಯಲ್ಲೇ ತಿದ್ದಿ ತೀಡಿ ಒಂದು ಮೊಲವನ್ನು ಮಣೆಯ ಮೇಲೆ ನಿಲ್ಲಿಸಿದೆ.

ಬೆಳಿಗ್ಗೆ ಹತ್ತಕ್ಕೆ ಅದು ನಿಂತಿತ್ತು. ಹನ್ನೊಂದಕ್ಕೆ ಕೂತಿತು. ಊಟದ ಹೊತ್ತಿಗೆ ಮಲಗಿತು. ಬಿಸು ಹಬ್ಬ ಹತ್ತಿರ ಬರುವಾಗಿನ ಮಂಗಳೂರಿನ ಸೆಕೆ ನಿಮಗೆ ಗೊತ್ತೇ ಉಂಟು. ಎರಡು ಗಂಟೆಗೆ ನೋಡಿದರೆ ಮಣೆಯಿಂದ ಇಳಿದು ಬಚ್ಚಲಿನ ತೂಬಿನ ಕಡೆಗೆ ಹೊರಟಿದೆ.

ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದಳು. “ನಿಮ್ಮದು ಮುಗಿಯಿತಾ?” ಎಂದಳು.

“ಮುಗಿಯಿತು.”

“ಬೆಣ್ಣೆ ಈ ಊರಲ್ಲಿ ನಿಲ್ತದಾ? ಅಂಗಡಿಯಲ್ಲಿ ಗೇರುಬೀಜದ ತುಂಡು ಉಂಟಲ್ಲ, ಯಾರೂ ತೆಗೆದುಕೊಳ್ಳದ್ದು, ಅದನ್ನು ತನ್ನಿ.”

ಬೀಜವನ್ನು ನುಣ್ಣಗೆ ಅರೆದಳು. ಸಕ್ಕರೆಯನ್ನು ಎಳೆಪಾಕಕ್ಕೆ ತಂದು, ಬೀಜವನ್ನೂ ಕೋಕೋವನ್ನೂ ಹಾಕಿ ಮಗುಚಿದಳು. ಆರಿದ ಮೇಲೆ ಅದು ಕಲ್ಲಿನ ಹಾಗೆ ನಿಂತಿತು. ಬಾಯಿಗೆ ಹಾಕಿದರೆ ಬೆಣ್ಣೆಯ ಹಾಗೆ ಹೋಯಿತು. ಪರಿಮಳಕ್ಕೆ ಅಮ್ಮ ಜಗಲಿಯಿಂದ ಎದ್ದು ಬಂದರು. ಒಂದು ಉಂಡೆ ಬಾಯಿಗೆ ಹಾಕಿಕೊಂಡು, “ಇದು ಸರಿ ಆಗಲಿಲ್ಲ” ಎಂದರು. ಇನ್ನೊಂದು ತೆಗೆದುಕೊಂಡರು. “ಇದೂ ಸರಿ ಆಗಲಿಲ್ಲ.”

ಏಳನೆಯದು ಕೂಡ ಸರಿ ಆಗಲಿಲ್ಲ. ಎಂಟನೆಯದನ್ನು ನಾಳೆ ಪರೀಕ್ಷೆ ಮಾಡುತ್ತೇನೆ ಎಂದು ಸೆರಗಿನಲ್ಲಿ ಕಟ್ಟಿಕೊಂಡರು.

೩. ಕುಂಬಾರನ ಕೈ

ನಲವತ್ತು ಒಂದೇ ಥರ ಬರಬೇಕಾದರೆ ಅಚ್ಚು ಬೇಕು. ಹೊಳೆಯ ಆಚೆಯಿಂದ ನಮಗೆ ಮಡಕೆ ತಂದುಕೊಡುವ ಕುಂಬಾರನನ್ನು ಕರೆಸಿದೆ. ಒಳ್ಳೆಯ ಕೈ. ನಲವತ್ತು ವರ್ಷದಿಂದ ಮಡಕೆ ಮಾಡುತ್ತಿದ್ದ. ದೈವಸ್ಥಾನಗಳಿಗೆ ಹರಕೆಯ ಮಣ್ಣಿನ ಹಂದಿ ಮಾಡಿಕೊಡುವವನೂ ಅವನೇ.

“ಮೊಲ ಕಂಡಿದ್ದೀಯಾ?”

“ಓಡುವುದನ್ನು ಕಂಡಿದ್ದೇನೆ ಧಣಿ. ಕೂತದ್ದು ಯಾರು ಕಂಡಿದ್ದಾರೆ?”

“ನಾಲ್ಕು ಕಾಲು. ಕಿವಿ ನೆಟ್ಟಗೆ. ಬಾಲ ಗಿಡ್ಡ. ಮೂತಿ ಮುಂದೆ. ಮೈ ಉರುಟು.”

“ನಾಲ್ಕು ಕಾಲು, ಕಿವಿ ನೆಟ್ಟಗೆ, ಬಾಲ ಗಿಡ್ಡ” ಎಂದು ಬೆರಳು ಮಡಚಿದ. “ಆಯಿತು ಧಣಿ. ಕಣ್ಣು ಮುಚ್ಚಿ ಮಾಡ್ತೇನೆ.”

ಹಾಗೆಯೇ ಮಾಡಿದ. ಒಂದು ವಾರಕ್ಕೆ ನಾಲ್ಕು ಜೋಡಿ ಅಚ್ಚು ಸುಟ್ಟು ತಂದ. ಮೂರು ರೂಪಾಯಿ. ಮಾಲನ್ನು ತಿರುಗಿಸಿ ಮುರುಗಿಸಿ ನೋಡದೆ ದುಡ್ಡು ಕೊಡುವವನು ನಾನಲ್ಲ. ಅಂದೂ ನೋಡಿದೆ. ಆದರೆ ಅಚ್ಚಿನಲ್ಲಿ ಕಾಣುವುದು ಗುಂಡಿ ಮಾತ್ರ. ಗುಂಡಿಯಲ್ಲಿ ಇರುವುದು ಯಾವ ಪ್ರಾಣಿ ಎಂದು ಹೇಗೆ ಹೇಳುವುದು? ನಾಲ್ಕು ಕಾಲು ಉಂಟೋ ಎಂದು ಲೆಕ್ಕ ಮಾಡಿ ದುಡ್ಡು ಕೊಟ್ಟೆ.

ಹೆಂಡತಿ ಒಳಗೆ ತುಪ್ಪ ಸವರಿ, ಪಾಕ ಒತ್ತಿ, ಆರಿದ ಮೇಲೆ ಅಚ್ಚು ಬಿಡಿಸಿದಳು. ಎಲೆಯ ಮೇಲೆ ನಿಂತದ್ದು ಹಂದಿ. ಬೆನ್ನ ಮೇಲೆ ರೋಮದ ಸಾಲು, ಎರಡು ಕೋರೆ, ಏನೂ ಬಿಟ್ಟಿಲ್ಲ. ಜೀವಮಾನವಿಡೀ ಮಾಡಿದ ಪ್ರಾಣಿ ಅವನ ಕೈಯಿಂದ ಮತ್ತೊಮ್ಮೆ ಇಳಿದಿತ್ತು.

ಕುಂಬಾರ ಇನ್ನೂ ಅಂಗಳದಲ್ಲಿ ವೀಳ್ಯ ಹಾಕುತ್ತಿದ್ದ. ಕೂಗಿ ತೋರಿಸಿದೆ. “ಇದು ಎಂತ ಮಾರಾಯ? ಕೋರೆ ಯಾಕೆ?”

ಅವನು ಹತ್ತಿರ ಬಂದು, ಬಗ್ಗಿ, ತಾನು ಮಾಡಿದ್ದನ್ನು ಮೆಚ್ಚುಗೆಯಿಂದ ನೋಡಿದ. “ಧಣಿ, ಮೊಲಕ್ಕೂ ಎದುರಿನ ಹಲ್ಲು ಎರಡು ಹೊರಗೆ ಉಂಟಲ್ಲ?”

೪. ಎಂಬತ್ತು ಕೋರೆ

ಹಬ್ಬಕ್ಕೆ ಮೂರು ದಿವಸ. ಹೊಸ ಅಚ್ಚು ಒಣಗಿ ಸುಟ್ಟು ಬರಲಿಕ್ಕೆ ಒಂದು ವಾರ ಬೇಕು. ಪಾಕ ತಣಿದರೆ ಕಲ್ಲು. ಇದ್ದ ಅಚ್ಚಿನಲ್ಲೇ ನಲವತ್ತು ಹೊಡೆಸಿದೆ. ಕಿವಿಯನ್ನು ಸ್ವಲ್ಪ ಎಳೆದರೆ ಮೊಲ ಎಂದು ದಾಟಿಸಬಹುದು ಎಂಬ ಅಂದಾಜು. ಜಗಲಿಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ಅಂಗಡಿಗೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಹಲಗೆಯ ಎದುರು ದೀಪ. ಪ್ರತಿ ಹಂದಿಯ ತಲೆಯ ಮೇಲೆ ಒಂದೊಂದು ಕೇಪಳ ಹೂ. ಅಮ್ಮ ಕೈ ಮುಗಿದು ನಿಂತಿದ್ದಾರೆ, ಹಿಂದೆ ನೆರೆಕರೆಯ ನಾಲ್ಕು ಹೆಂಗಸರು. ನಮ್ಮ ಮನೆತನಕ್ಕೆ ಪಂಜುರ್ಲಿ ಎಂದರೆ ಹಂದಿಯ ರೂಪದ ದೈವ. ನಂಬಿಕೊಂಡು ಬಂದದ್ದು.

“ಅಮ್ಮ, ಅದು ಮೊಲ.”

“ಬಾಯಿ ಮುಚ್ಚು. ದೈವ ಯಾವುದು, ಮೊಲ ಯಾವುದು ಎಂದು ನೀನು ನನಗೆ ಕಲಿಸುವುದಾ?”

“ದೊರೆಸಾನಿಯ ಆರ್ಡರು ಅಮ್ಮ. ಮಕ್ಕಳು ತಿನ್ನಲಿಕ್ಕೆ.”

“ತಿನ್ನಲಿಕ್ಕಾ! ನಮ್ಮ ಜಗಲಿಯಿಂದ ಹೋದದ್ದನ್ನು ಯಾರಾದರೂ ಕಚ್ಚಿದರೆ ನಾನು ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ.”

ಒಂದು ವರ್ಷದ ಸಾಮಾನು ನನ್ನ ಕಣ್ಣೆದುರೇ ಬಂಗಲೆಯ ಗೇಟಿನಿಂದ ಹಿಂದೆ ತಿರುಗಿತು. ಅಮ್ಮನ ಹತ್ತಿರ ಚೌಕಾಶಿ ನಡೆಯುವುದಿಲ್ಲ. ಹೆಂಡತಿ ಮಾತ್ರ ಗಾಬರಿಯಾಗಲಿಲ್ಲ. ಸಣ್ಣ ಚೂರಿ ತಂದು ಅತ್ತೆಯ ಪಕ್ಕದಲ್ಲಿ ಕೂತು, ಬಹಳ ವಿನಯದಿಂದ ಕೇಳಿದಳು: “ಅತ್ತೆ, ಕೋರೆ ಇಲ್ಲದ ಪಂಜುರ್ಲಿ ಎಲ್ಲಿಯಾದರೂ ಉಂಟಾ?”

“ಕೋರೆ ಇಲ್ಲದಿದ್ದರೆ ಪಂಜುರ್ಲಿ ಹೇಗೆ ಆಗ್ತದೆ? ಅದು ಬರೇ ಹಂದಿ.”

“ಹಾಗಾದರೆ ಕೋರೆಯನ್ನು ನೀವೇ ನಿಮ್ಮ ಕೈಯಿಂದ ತೆಗೆದು ಇಟ್ಟುಕೊಳ್ಳಿ.”

ಅಮ್ಮ ಯೋಚಿಸಿದರು. ಹೂವನ್ನೆಲ್ಲ ತೆಗೆದು ಬೇರೆ ಇಟ್ಟರು. ಆಮೇಲೆ ನಲವತ್ತು ಹಂದಿಯ ಎಂಬತ್ತು ಕೋರೆಗಳನ್ನು ಒಂದೊಂದಾಗಿ ಬಿಡಿಸಿ ಹರಿವಾಣಕ್ಕೆ ಹಾಕಿಕೊಂಡರು. ಬಿಸಾಡುವ ಹಾಗಿಲ್ಲ, ಪ್ರಸಾದ. ಊರಿಗೆಲ್ಲ ಹಂಚಬೇಕು ಎಂದು ಹರಿವಾಣ ಹಿಡಿದು ಹೊರಟರು.

ಸಂಜೆ ವಿಚಾರಿಸಿದೆ. ನೆರೆಕರೆಯ ನಾಲ್ಕು ಮನೆಗೆ ಒಟ್ಟು ಮುಟ್ಟಿದ್ದು ಎಂಟು ಕೋರೆ. ಉಳಿದದ್ದು ಎಲ್ಲಿ ಎಂದು ಕೇಳಿದರೆ ಅಮ್ಮ, “ಭಕ್ತಿ ಇದ್ದವರಿಗೆ ಸಿಕ್ಕಿತು” ಎಂದು ಬಾಯಿ ಒರೆಸಿಕೊಂಡರು.

೫. ಬಾಯಮ್ಮನ ದ್ರಾಕ್ಷಿ

ಶನಿವಾರ ಬಟ್ಲರು ಬುಟ್ಟಿ ತೆರೆದು ಒಂದನ್ನು ಎತ್ತಿ ತಿರುಗಿಸಿ ನೋಡಿದ.

“ಹಂದಿ ಚಂದ ಉಂಟು ಸಾವುಕಾರ್ರೇ. ಆದರೆ ಕೇಳಿದ್ದು ಮೊಲ.”

“ನಮ್ಮ ಕಡೆಯ ಮೊಲ ಹೀಗೆ, ಸ್ವಲ್ಪ ದಪ್ಪ ಎಂದು ಹೇಳಿ.”

ಹೇಳಿದನಂತೆ. ಒಂದು ಗಂಟೆಯಲ್ಲಿ ಬುಟ್ಟಿ ವಾಪಸು ಬಂತು. ದೊರೆಸಾನಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳಲಿಕ್ಕೆ ಬಟ್ಲರು ಒಪ್ಪಲಿಲ್ಲ.

ಮೊಲವೂ ಹೋಯಿತು, ಬಂಗಲೆಯೂ ಹೋಯಿತು. ಆ ಹೊತ್ತಿಗೆ ನಮ್ಮ ಮನೆಯ ಹಿಂದೆ ಇರುವ ಪೊರ್ಬುಗಳ ಮನೆಯ ಬಾಯಮ್ಮ ಸಾಮಾನಿಗೆ ಬಂದರು. ಗಂಡ ತೀರಿದ ಮೇಲೆ ಹಬ್ಬ ಹಬ್ಬಕ್ಕೆ ತಿಂಡಿ ಮಾಡಿ ಮಾರಿ ಸಂಸಾರ ನಡೆಸುವ ಹೆಂಗಸು. ಬುಟ್ಟಿಯೊಳಗೆ ಇಣುಕಿದರು.

“ಅಯ್ಯೋ ದೇವರೇ, ಹಂದಿ! ಎಷ್ಟು ಸಾವುಕಾರ್ರೇ?”

“ಹತ್ತಾಣೆ. ನಿಮಗೆ ಎಂತಕ್ಕೆ?”

“ಎಂತಕ್ಕೆ ಎಂದು ಕೇಳ್ತೀರಿ! ನಲವತ್ತು ದಿವಸ ಆಯಿತು ಹಂದಿಯ ಮುಖ ಕಾಣದೆ. ಈಸ್ಟರಿನ ಉಪವಾಸ ಮುಗಿದು ನಾಳೆ ನಮ್ಮಲ್ಲಿ ಎಲ್ಲ ಮನೆಯಲ್ಲೂ ಅದೇ. ದೊಡ್ಡವರಿಗೆ ಬಟ್ಟಲಲ್ಲಿ, ಮಕ್ಕಳಿಗೆ ಕೈಯಲ್ಲಿ ಇರಲಿ. ಎಂಟಾಣೆಗೆ ಕೊಡಿ, ನಲವತ್ತೂ ನನಗೆ.”

ಕೊಟ್ಟುಬಿಟ್ಟೆ. ಮಾರುವುದಕ್ಕೆ ಆಗದ ಮಾಲನ್ನು ಒಬ್ಬ ವಿಧವೆಯ ತಲೆಗೆ ಕಟ್ಟಿದೆನಲ್ಲ ಎಂದು ಮನಸ್ಸಿಗೆ ಸ್ವಲ್ಪ ಚುಚ್ಚಿತು ಕೂಡ. ಪಾಪ ಎಂದು ಎರಡು ಮುಷ್ಟಿ ಒಣದ್ರಾಕ್ಷಿಯನ್ನು ಪುಕ್ಕಟೆ ಹಾಕಿದೆ.

ಆದಿತ್ಯವಾರ ಬೆಳಿಗ್ಗೆ ಬಟ್ಲರು ಏದುಸಿರು ಬಿಡುತ್ತಾ ಬಂದ. ಬಂಗಲೆಯಲ್ಲಿ ಇಪ್ಪತ್ತು ಮಕ್ಕಳು ತೋಟವನ್ನೆಲ್ಲ ಕೆದಕಿ, ಏನೂ ಸಿಗದೆ, ಈಗ ಅಳುತ್ತಿದ್ದಾರೆ. “ಹಂದಿಯಾದರೂ ಆಗಬಹುದಂತೆ ಸಾವುಕಾರ್ರೇ! ಬೇಗ ಕೊಡಿ, ಇಲ್ಲದಿದ್ದರೆ ನನ್ನ ಕೆಲಸವೂ ಹೋಗ್ತದೆ.”

ನಾನು ಬಾಯಮ್ಮನ ಮನೆಗೆ ಓಡಿದೆ, ಹಿಂದೆಯೇ ಬಟ್ಲರು. ಇಗರ್ಜಿಯಲ್ಲಿ ಪೂಜೆ ಬಿಟ್ಟಾಗ ಅವರು ಗೇಟಿನ ಹತ್ತಿರ ಕೂತು ಇಪ್ಪತ್ತನ್ನು ಹನ್ನೆರಡಾಣೆಯ ಹಾಗೆ ಮಾರಿ ಆಗಿತ್ತು. ಉಳಿದ ಇಪ್ಪತ್ತು ತಟ್ಟೆಯಲ್ಲಿದ್ದವು. ಬೇಯಿಸಿದ ಹಂದಿಮರಿಯನ್ನು ದೊಡ್ಡ ಮೇಜಿಗೆ ಇಡುವಾಗ ಬಾಯಲ್ಲಿ ಲಿಂಬೆ ಸಿಕ್ಕಿಸುತ್ತಾರಲ್ಲ, ಹಾಗೆ ಪ್ರತಿಯೊಂದರ ಬಾಯಲ್ಲೂ ಒಂದು ದ್ರಾಕ್ಷಿ.

“ಬಾಯಮ್ಮ, ಆ ಇಪ್ಪತ್ತು ನನಗೆ ವಾಪಸು ಬೇಕು. ಅದೇ ಎಂಟಾಣೆ.”

ಬಾಯಮ್ಮ ನನ್ನ ಮುಖ ನೋಡಿದರು, ಅಂಗಳದಲ್ಲಿ ಬೆವರು ಒರೆಸುತ್ತಿದ್ದ ಬಟ್ಲರನ್ನು ನೋಡಿದರು. ಎಲ್ಲವೂ ಅರ್ಥ ಆಯಿತು.

“ಒಂದು ರೂಪಾಯಿ.”

“ನಿನ್ನೆ ನಾನೇ ಕೊಟ್ಟ ಮಾಲು ಮಾರಾಯ್ರೇ!”

“ನಿನ್ನೆ ಅದರ ಬಾಯಿ ಖಾಲಿ ಇತ್ತು.”

“ಆ ದ್ರಾಕ್ಷಿ ನಾನು ಪುಕ್ಕಟೆ ಕೊಟ್ಟದ್ದು!”

“ಅದಕ್ಕೇ ನಿಮಗೆ ಒಂದೇ ರೂಪಾಯಿ” ಎಂದರು ಬಾಯಮ್ಮ. “ಬೇರೆಯವರಿಗೆ ಒಂದೂಕಾಲು.”

ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟೆ.

ಬಂಗಲೆಗೆ ನಾನೂ ಹೋದೆ. ಬಟ್ಲರು ಹಂದಿಗಳನ್ನು ಕ್ರೋಟನ್ ಗಿಡಗಳ ಬುಡದಲ್ಲಿ ಇಟ್ಟು ಬಂದ. ಮಕ್ಕಳು ನುಗ್ಗಿದರು. ಒಂದು ಹುಡುಗಿ ಹಂದಿಯನ್ನು ಎತ್ತಿ ಹಿಡಿದು, ಮೊಲ ಎಲ್ಲಿ ಎಂದು ಕೇಳಿದಳು. ಬಟ್ಲರು ತನ್ನ ಇಂಗ್ಲಿಷಿನಲ್ಲಿ, ಮೊಲಕ್ಕೆ ಜ್ವರ, ಇದು ಬದಲಿ ಕೆಲಸಕ್ಕೆ ಬಂದದ್ದು ಎಂದು ಹೇಳಿದ. ಹುಡುಗಿ ಸ್ವಲ್ಪ ಯೋಚಿಸಿ ಬದಲಿಯ ಕಿವಿ ಕಚ್ಚಿದಳು. ಆಮೇಲೆ ತೋಟದಲ್ಲಿ ಅಗಿಯುವ ಸದ್ದು ಮಾತ್ರ.

ದೊರೆಸಾನಿ ಒಂದು ಮಗುವಿನ ಹಂದಿಯಿಂದ ತುಂಡು ಮುರಿದು ತಿಂದು, ಬೆರಳು ಚೀಪಿ, ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು. ಬಟ್ಲರು ತಿಳಿಸಿದ: “ಈ ಮನುಷ್ಯ ಕೇಳಿದ್ದನ್ನು ಕೊಡುವುದಿಲ್ಲ, ಆದರೆ ಹಬ್ಬದ ದಿವಸವೂ ಓಡಿ ಬಂದು ಏನಾದರೂ ಒಂದು ಕೊಡ್ತಾನೆ. ಈಗಿನ ಅಂಗಡಿಯವನು ಅದನ್ನೂ ಕೊಡುವುದಿಲ್ಲ, ಇನ್ನು ಸಾಮಾನು ಇವನಿಂದಲೇ ಎಂದರು.”

ಇಪ್ಪತ್ತಕ್ಕೆ ಹತ್ತು ರೂಪಾಯಿ ಅಲ್ಲಿಯೇ ಸಿಕ್ಕಿತು. ನಿನ್ನೆ ಬಾಯಮ್ಮ ಕೊಟ್ಟ ಇಪ್ಪತ್ತನ್ನು ಅದಕ್ಕೆ ಸೇರಿಸಿ, ಇಂದು ಅವರಿಗೆ ಕೊಟ್ಟ ಇಪ್ಪತ್ತು, ಕುಂಬಾರನ ಮೂರು, ಸಕ್ಕರೆ ತುಪ್ಪ ಬೀಜದ ನಾಲ್ಕು, ಎಲ್ಲ ಕಳೆದು ನೋಡಿದೆ. ಬಂಗಲೆಯ ಒಂದು ವರ್ಷದ ಸಾಮಾನು ನನಗೆ. ಕೈಗೆ ಉಳಿದದ್ದು ಮೂರು ರೂಪಾಯಿ. ಬಾಯಮ್ಮನಿಗೆ ಹದಿನೈದು. ಮೊಲ, ಒಂದೂ ಇಲ್ಲ.