ಕಾಕಾ ಮತ್ತು ಮೆಟ್ಟಿಲಿನ ಬಿಟ್

ನಮ್ಮ ಕಾಕಾ ಮನೆಗೆ ಬರುತ್ತಾರೆಂದರೆ ತಗಡಿನ ಸಾಮಾನನ್ನೆಲ್ಲ ಮೊದಲು ಒಳಗಿಡಬೇಕು! ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಇಟ್ಟ ಮನುಷ್ಯನಿಗೆ ತೂತು ಕೊರೆಯುವ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ಒಮ್ಮೆ ಸ್ಟೆಪ್ ಡ್ರಿಲ್ ಬಿಟ್ ಕೊಂಡು ತಂದರು. ತುದಿ ಚೂಪು, ಮೇಲೇರಿದಂತೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪ. ಒಂದೇ ಬಿಟ್‌ನಲ್ಲಿ ಬೇಕಾದಷ್ಟು ಅಗಲದ ತೂತು. ಎಲ್ಲಿ ನಿಲ್ಲಬೇಕೋ ಆ ಮೆಟ್ಟಿಲಿಗೆ ಟೇಪು ಸುತ್ತಿ, ಎರಡು ಹನಿ ಎಣ್ಣೆ ಹಾಕಿ, ಉಸಿರು ಬಿಗಿಹಿಡಿದು ನಿಧಾನಕ್ಕೆ ಒತ್ತುತ್ತಾರೆ. ತಗಡು ಸುರುಳಿಯಾಗಿ ಉದುರಿ, ಬಳೆಯಂಥ ದುಂಡನೆಯ ತೂತು ಮೂಡುವುದನ್ನು ನೀವು ನೋಡಬೇಕು. ನಾನಂತೂ ಬಾಯಿ ತೆರೆದು ನಿಲ್ಲುತ್ತೇನೆ.

ಹೋದ ಬೇಸಿಗೆಯಲ್ಲಿ ತಮ್ಮ ಮನೆಯ ಕೂಲರಿಗೆ ಪೈಪು ಹಾಯಿಸಲು ಕೊರೆಯುತ್ತಿದ್ದಾಗ ಕಾಕಿ ಚಹಾಕ್ಕೆ ಕರೆದರು. ಇವರು ಹ್ಞೂಂ ಎನ್ನುವಷ್ಟರಲ್ಲಿ ಬಿಟ್ ಒಂದು ಮೆಟ್ಟಿಲು ಹೆಚ್ಚಿಗೆ ಇಳಿದಿತ್ತು. ಬೇರೆಯವರಾಗಿದ್ದರೆ ಸಂದಿಗೆ ಚಿಂದಿ ತುರುಕುತ್ತಿದ್ದರು. ಕಾಕಾ ತೂತಿಗೆ ತಕ್ಕ ದಪ್ಪ ಪೈಪು ತಂದರು, ಪೈಪಿಗೆ ತಕ್ಕ ಪಂಪು, ಪಂಪಿಗೆ ತಕ್ಕ ಟಾಕಿ, ಟಾಕಿಗೆ ತಕ್ಕ ಫ್ಯಾನು. ಈಗ ಪಡಸಾಲೆಯಲ್ಲಿ ಕೂಲರ್ ವಾಸವಾಗಿದೆ, ಮನೆಯವರು ಅಂಗಳದಲ್ಲಿ ಮಲಗುತ್ತಾರೆ. ಆದರೆ ಗಾಳಿ ಎಂಥದ್ದು ಅಂತೀರಿ? ಪಕ್ಕದ ಮನೆಯವರೂ ಕಂಬಳಿ ಹೊದೆಯುತ್ತಾರೆ!

ಈಚೆಗೆ ಕಮಲಾಪುರದ ನಮ್ಮ ಮನೆಗೆ ತಗಡಿನ ಗೇಟು ಕೂಡಿಸಿದೆವು. ಧೂಳು ನಿಂತಿತು, ನಾಯಿಗಳ ಕಾಟ ನಿಂತಿತು, ಅವ್ವನ ಮಾತೂ ನಿಂತಿತು. ಲಕ್ವ ಹೊಡೆದ ಮೇಲೆ ಗಾಲಿ ಕುರ್ಚಿಯಲ್ಲಿ ಅಂಗಳಕ್ಕೆ ಬಂದು ರಸ್ತೆ ನೋಡುವುದೊಂದೇ ಅವಳಿಗೆ ಉಳಿದಿತ್ತು. ಈಗ ಗೋಡೆಗೆ ಮುಖ ಮಾಡಿ ಕೂಡತೊಡಗಿದಳು. ಊಟವೂ ಅರ್ಧಕ್ಕರ್ಧ ಇಳಿಯಿತು. ನಮಗೆ ನಿಜಕ್ಕೂ ಹೆದರಿಕೆಯಾಯಿತು.

ಸುದ್ದಿ ಕೇಳಿದ ಕಾಕಾ ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಬಂದರು. ಹೊಸ ಗೇಟು ಕಂಡು ಅವರ ಕಣ್ಣು ಹೊಳೆಯಿತು. ಅವರು ಸೊಂಟದೆತ್ತರಕ್ಕೆ ಗುರುತು ಹಾಕಿ ಕೊರೆಯತೊಡಗಿದರು.

"ಕಾಕಾ, ಭಾಳ ಕೆಳಗಾಯ್ತಲ್ರೀ. ಬಗ್ಗಿ ನೋಡಬೇಕಾಗ್ತದ" ಎಂದೆ.

"ನಿನ್ನ ಸಲುವಾಗಿ ಯಾರು ಕೊರ್ಯಾಕತ್ತಾರ?"

ಈ ಸಲ ಟೇಪು ಸುತ್ತಿರಲಿಲ್ಲ. ಬಿಟ್ಟನ್ನು ಕೊನೆಯ ಮೆಟ್ಟಿಲಿನ ತನಕ ಇಳಿಸಿದರು. ಅಂಚು ಉಜ್ಜಿ, ಹಣೆಗೆ ಚುಚ್ಚದಂತೆ ಸುತ್ತಲೂ ರಬ್ಬರ್ ಕೂಡಿಸಿ, ಅವ್ವನ ಕುರ್ಚಿಯನ್ನು ತಳ್ಳಿ ತಂದು ಗೇಟಿಗೆ ತಾಗಿಸಿದರು. ನೋಡ್ರಿ ವೈನಿ, ಅಂದರು.

ತೂತು ಅವ್ವನ ಕಣ್ಣಿಗೆ ಸರಿಯಾಗಿತ್ತು. ಹೊರಗೆ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಹೊರಟಿದ್ದ, ದಿನಾ ನಮ್ಮ ರಸ್ತೆಯಲ್ಲಿ ಹಣ್ಣು ಮಾರುವ ಗಂಗವ್ವನನ್ನು ಅವಳು ತೊದಲುತ್ತಲೇ ಕೂಗಿದಳು. ಎಷ್ಟೋ ದಿನಕ್ಕೆ ಆ ದನಿ ಕೇಳಿದೆವು. ಗಂಗವ್ವ ಅತ್ತಿತ್ತ ನೋಡಿ, ಗೇಟಿನಲ್ಲಿ ಕಣ್ಣೊಂದನ್ನು ಕಂಡು ಬುಟ್ಟಿ ಇಳಿಸಿದಳು.

"ಯಕ್ಕಾ, ಇಷ್ಟು ದಿನ ಎಲ್ಲಿ ಹೋಗಿದ್ದಿ?"

"ಇಲ್ಲೇ ಇದ್ದೆನವ್ವಾ" ಎಂದಳು ಅವ್ವ.