ಒಂದೇ ದಿನ ನನ್ನದಾದ ಪ್ಲೇಟು

ಕೋಪ ಬರುವುದಕ್ಕೆ ಕಾರಣ ಬೇಕು ಎಂದು ನಂಬಿದವರು ನನ್ನ ಜೊತೆ ಒಂದು ದಿನ ಇದ್ದು ನೋಡಬೇಕು. ಮಧುಗಿರಿಯ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದೆ. ನನ್ನ ಕೋಪ ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಮೊದಲು ದಿನದ ಏಳು ಪೀರಿಯಡ್ಡಿಗೆ ಹಂಚಿಹೋಗುತ್ತಿದ್ದದ್ದು ಈಗ ಪೂರ್ತಿ ಮನೆಗೇ ಉಳಿಯುತ್ತದೆ. ಹಾಲಿನವನ ಮೇಲೆ, ಬೆಟ್ಟದ ಕಡೆಯಿಂದ ಬಂದು ಮಾಳಿಗೆಯ ಹಪ್ಪಳ ಎತ್ತಿಕೊಂಡು ಹೋಗುವ ಕೋತಿಗಳ ಮೇಲೆ, ಆ ಕೋತಿಗಳನ್ನು ನೋಡಿ ನಗುವ ಪಕ್ಕದ ಮನೆಯವರ ಮೇಲೆ ನಾನು ದಿನವೂ ರೇಗುತ್ತೇನೆ. ಆದರೆ ಈ ಯುಗಾದಿಗೆ ನಾನು ಕೋಪ ಮಾಡಿಕೊಂಡದ್ದು ಚಂದ್ರನ ಮೇಲೆ. ಹೌದು, ಆಕಾಶದಲ್ಲಿರುವ ಚಂದ್ರನ ಮೇಲೆಯೇ. ನನ್ನ ಹೆಂಡತಿ ಸರೋಜಳ ಪ್ರಕಾರ ಇದು ಕೊನೆಯ ಹಂತ.

ಇದಕ್ಕೆಲ್ಲ ಮೂಲ ಒಂದು ಗ್ರಾಮಫೋನ್ ಪ್ಲೇಟು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾಲ್ಕು ಜನ ಉದ್ದಗೂದಲಿನ ಇಂಗ್ಲಿಷ್ ಹುಡುಗರು ಗಿಟಾರು ಬಾರಿಸಿ, ಡ್ರಮ್ಮು ಬಡಿದು, ಗಂಟಲು ಹರಿದುಕೊಂಡು ಮಾಡಿದ ರಾಕ್ ಆಲ್ಬಂ. ತುಮಕೂರಿನಲ್ಲಿ ಓದುವಾಗ ನಾನೂ ಶಿರಾದ ಗಫಾರನೂ ಒಂದೇ ರೂಮಿನಲ್ಲಿದ್ದೆವು. ಬೆಂಗಳೂರಿನ ಫುಟ್‌ಪಾತ್ ಒಂದರಲ್ಲಿ ಈ ಪ್ಲೇಟನ್ನು ಇಬ್ಬರೂ ಅರ್ಧರ್ಧ ಹಾಕಿ ಕೊಂಡೆವು. ಕವರಿನ ಮೇಲೆ ನಾಲ್ವರೂ ಯಾರ ಮೇಲೋ ಸಿಟ್ಟಾದವರಂತೆ ನಿಂತಿದ್ದರು. ಆ ಮುಖಗಳನ್ನು ನೋಡಿಯೇ ನನಗೆ ಅವರು ಇಷ್ಟವಾದದ್ದು. ರೂಮಿನಲ್ಲಿ ಅದನ್ನು ಎಷ್ಟು ಸಲ ಹಾಕಿದೆವೆಂದರೆ, ಮನೆಯ ಯಜಮಾನರು ಒಂದು ದಿನ ಬಾಗಿಲಿಗೆ ಬಂದು, "ಯಾರಿಗಪ್ಪಾ ಮೈಗೆ ಹುಷಾರಿಲ್ಲ?" ಎಂದು ಕೇಳಿದರು.

ಓದು ಮುಗಿದು ರೂಮು ಖಾಲಿ ಮಾಡುವ ದಿನ ಪ್ಲೇಟು ಯಾರಿಗೆ ಎಂದು ಜಗಳವಾಯಿತು. ಕೊನೆಗೆ ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡೆವು. ಯುಗಾದಿಯಿಂದ ರಂಜಾನ್‌ವರೆಗೆ ಪ್ಲೇಟು ನನ್ನದು, ರಂಜಾನ್‌ನಿಂದ ಯುಗಾದಿಯವರೆಗೆ ಅವನದು. ಯುಗಾದಿಗೆ ಅವನು ಮಧುಗಿರಿಗೆ ತಂದು ಕೊಡಬೇಕು, ರಂಜಾನ್‌ಗೆ ನಾನು ಶಿರಾಕ್ಕೆ ಒಯ್ದು ಕೊಡಬೇಕು. ಆ ವರ್ಷ ಎರಡು ಹಬ್ಬಗಳ ನಡುವೆ ಸುಮಾರು ಆರು ತಿಂಗಳಿತ್ತು. ನ್ಯಾಯವಾಗಿ ಹಂಚಿಕೊಂಡೆವೆಂದು ಇಬ್ಬರೂ ಕೈಕುಲುಕಿದೆವು. ರಂಜಾನ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ ಎಂಬುದು ಹುಟ್ಟಿದಂದಿನಿಂದ ಆ ಹಬ್ಬ ಮಾಡಿದವನಿಗೂ ಹೊಳೆಯಲಿಲ್ಲ, ಮುಂದೆ ಗಣಿತದ ಮೇಷ್ಟ್ರಾಗಲಿದ್ದ ನನಗೂ ಹೊಳೆಯಲಿಲ್ಲ. ಯುಗಾದಿಯೋ, ಒಂದೆರಡು ವರ್ಷ ಅದರ ಜೊತೆಗೇ ಹಿಂದೆ ಸರಿದರೂ ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಬಂದು ನಿಲ್ಲುತ್ತದೆ. ಹೀಗಾಗಿ ನನ್ನ ಪಾಲು ವರ್ಷ ಕಳೆದಂತೆ ಸವೆಯುತ್ತ ಬಂತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಹೇಳದಿದ್ದರೆ ಸರೋಜ ಹೇಳುತ್ತಾಳೆ. ಮೂವತ್ತು ಚಿಲ್ಲರೆ ವರ್ಷದ ಹಿಂದೆಯೂ ರಂಜಾನ್ ಹೀಗೇ ಜಾರುತ್ತ ಬಂದು ಯುಗಾದಿಯನ್ನು ದಾಟಿ ಆಚೆಗೆ ಹೋಯಿತು. ದಾಟಿದ್ದೇ ತಡ, ಯುಗಾದಿಯಿಂದ ಮುಂದಿನ ರಂಜಾನ್‌ವರೆಗೆ ಹನ್ನೊಂದು ತಿಂಗಳು ಪ್ಲೇಟು ನನ್ನದೇ ಆಯಿತು. ಆಮೇಲೆಯೂ ಎಷ್ಟೋ ವರ್ಷ ದೊಡ್ಡ ಪಾಲು ನನಗೇ ಬಂತು. ಆಗ ಈ ಕರಾರಿನಲ್ಲಿ ದೋಷವಿದೆ ಎಂದು ನಾನು ಒಂದು ದಿನವೂ ಬಾಯಿ ಬಿಡಲಿಲ್ಲ. ಗಫಾರನೂ ಬಿಡಲಿಲ್ಲ. ಅವನಿಗೆ ಲೆಕ್ಕ ಬರುವುದಿಲ್ಲ ಎಂದುಕೊಂಡು ಸುಮ್ಮನಿದ್ದೆ.

ಈ ವರ್ಷ ಕ್ಯಾಲೆಂಡರ್ ತೆಗೆದು ನೋಡಿದರೆ ಯುಗಾದಿ ಭಾನುವಾರ, ರಂಜಾನ್ ಮಾರನೆಯ ದಿನವೇ! ನನ್ನ ಪಾಲಿಗೆ ಒಂದೇ ಒಂದು ದಿನ. ಅದೂ ಯಾವ ವರ್ಷ? ನಾಲ್ಕು ವರ್ಷದಿಂದ ಮೂಲೆಗೆ ಬಿದ್ದಿದ್ದ ನನ್ನ ಗ್ರಾಮಫೋನನ್ನು ಹೊತ್ತು ಪಾವಗಡದ ಬಸ್ಸು ಹತ್ತಿ, ಅಲ್ಲಿನ ಮುದಿ ರೇಡಿಯೋ ರಿಪೇರಿಯವನಿಂದ ಸರಿಮಾಡಿಸಿಕೊಂಡು ಬಂದ ವರ್ಷ. ಅವನು ಅದರ ಮುಚ್ಚಳ ತೆಗೆದು, ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಅಬ್ಬಾ ಮೇಷ್ಟ್ರೇ, ಇಂಥಾ ಮಿಷನ್ ಚೂಸಿ ಚಾಲಾ ವರ್ಷ ಆಯ್ತು ಕಣ್ರೀ. ಇನ್ನೂ ಇಟ್ಕೊಂಡಿದ್ದೀರಾ?" ಎಂದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಯಾವುದೋ ಹಳೇ ಟೇಪ್‌ರೆಕಾರ್ಡರ್‌ನ ಬೆಲ್ಟ್ ಹಾಕಿ ಓಡಿಸಿಕೊಟ್ಟ. ಅದನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ, ಈ ಸಲ ಪ್ಲೇಟು ಕೈಗೆ ಬಂದರೆ ಎರಡೂ ಮಗ್ಗುಲು ಪೂರ್ತಿ ಕೂತು ಕೇಳಬೇಕು ಎಂದು ನಿಶ್ಚಯಿಸಿದ್ದೆ.

"ಅದೆಲ್ಲ ಮೊಬೈಲಲ್ಲೇ ಬರುತ್ತಂತಲ್ರೀ" ಎಂದಳು ಸರೋಜ. ಬರುತ್ತದೆ, ಗೊತ್ತು. ಒಮ್ಮೆ ಹಾಕಿಯೂ ನೋಡಿದ್ದೇನೆ. ಗಿಟಾರು ಏರಿ ಏರಿ ಇನ್ನೇನು ಆಕಾಶ ಮುಟ್ಟಬೇಕು ಅನ್ನುವಾಗ ಹಾಡು ನಿಲ್ಲಿಸಿ ಒಬ್ಬಳು ಹೆಣ್ಣುಮಗಳು ಬಂದು ಕಕ್ಕಸು ತೊಳೆಯುವ ದ್ರಾವಣದ ಗುಣಗಾನ ಮಾಡಿದಳು. ಅವತ್ತು ಫೋನು ಗೋಡೆಗೆ ಬಡಿಯದೆ ಉಳಿದದ್ದು ಅದರ ಪುಣ್ಯ.

ಯುಗಾದಿಯ ಬೆಳಗ್ಗೆ ಗಫಾರ್ ಬಂದ. ಉಪವಾಸವಿದ್ದ, ಹಾಗಾಗಿ ಒಬ್ಬಟ್ಟು ತಿನ್ನುವಂತಿಲ್ಲ. ಸಂಜೆ ಉಪವಾಸ ಬಿಡುವಾಗ ತಿನ್ನಲಿ ಎಂದು ಸರೋಜ ಡಬ್ಬಿಗೆ ಹಾಕಿಕೊಟ್ಟಳು. ಹಳೇ ಪಂಚೆಯಲ್ಲಿ ಸುತ್ತಿದ್ದ ಪ್ಲೇಟನ್ನು ನನ್ನ ಕೈಗಿಟ್ಟು, "ನಾಳೆ ಬರ್ತೀಯಲ್ಲ?" ಎಂದ. ಆ ಪ್ರಶ್ನೆಗೇ ನನ್ನ ಮೈ ಉರಿಯಿತು. ಕೊಡುವ ಮೊದಲೇ ವಾಪಸು ಕೇಳುತ್ತಾನಲ್ಲ! "ಚಂದ್ರ ಕಾಣಿಸಿದ್ರೆ ನೋಡಾಣ" ಎಂದೆ. ಅವನು ಬಸ್ಸಿಗೆ ಹೋದ. ನಾನು ಬಾಗಿಲು ಹಾಕಿಕೊಂಡು ಪ್ಲೇಟು ಹೊರತೆಗೆದೆ. ಕರೆಂಟು ಹೋಯಿತು.

ಪಾವಗಡದ ಕಡೆ ಕಣ್ಣು ಹಾಯುವಷ್ಟು ದೂರ ಗಾಜಿನ ಹಲಗೆ ಹಾಸಿ ಬಿಸಿಲನ್ನೇ ಹಿಡಿದು ಕರೆಂಟು ಮಾಡುತ್ತಾರೆ. ಅಂದು ಹೊರಗೆ ಅಂಥ ಬಿಸಿಲಿತ್ತು, ತಲೆ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಆದರೆ ಮಧುಗಿರಿಯ ನನ್ನ ಮನೆಯಲ್ಲಿ ಒಂದು ಪ್ಲೇಟು ತಿರುಗಿಸುವಷ್ಟು ಕರೆಂಟಿಲ್ಲ! ಹನ್ನೊಂದು ಗಂಟೆಯಾಯಿತು, ಎರಡಾಯಿತು, ನಾಲ್ಕಾಯಿತು. ನನ್ನ ವರ್ಷದ ಪಾಲು ಗಂಟೆಗಂಟೆಗೂ ಕರಗುತ್ತಿತ್ತು. ಮಧ್ಯೆ ಬಂದ ನೆಂಟರು ಬೇವು ಬೆಲ್ಲ ಕೊಟ್ಟರೆ ನನ್ನ ಕೈಗೆ ಬರೀ ಬೇವೇ ಸಿಕ್ಕಿತು.

ಸಂಜೆ ಆರೂಕಾಲಿಗೆ ಕರೆಂಟು ಬಂತು. ಮುಳ್ಳು ಇಳಿಸಿದೆ. ಮೊದಲ ಹಾಡು ಕೇಳುತ್ತಲೇ ಮತ್ತೆ ಸಿಟ್ಟು ಬಂತು. ಇಪ್ಪತ್ತರ ವಯಸ್ಸಿನಲ್ಲಿ ಆ ಹಾಡುಗಾರ ಪ್ರಪಂಚದ ವಿರುದ್ಧವೇ ದಂಗೆ ಎದ್ದಿದ್ದಾನೆಂದು ನಂಬಿದ್ದೆವು. ಅವನ ಇಂಗ್ಲಿಷ್ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಈಗ ಕಿವಿಗೊಟ್ಟರೆ ಅವನು ಬಿಟ್ಟುಹೋದ ಹುಡುಗಿಯನ್ನು ವಾಪಸು ಬಾ ಎಂದು ಅಂಗಲಾಚುತ್ತಿದ್ದಾನೆ, ಅಷ್ಟೆ. ಇದಕ್ಕಾಗಿಯೇ ನಾನು ಭುಜದವರೆಗೆ ಕೂದಲು ಬಿಟ್ಟು ಅಪ್ಪನ ಕೈಲಿ ಬಡಿಸಿಕೊಂಡದ್ದು? ಆದರೂ ಎದ್ದು ನಿಲ್ಲಿಸಲಿಲ್ಲ. ಮೂರನೆಯ ಹಾಡಿನಲ್ಲಿ ಗಿಟಾರು ಒಂದೇ ತಂತಿಯಲ್ಲಿ ಮೆಲ್ಲಗೆ ಶುರುವಾಗಿ, ಡ್ರಮ್ಮು ಬಂದು ಸೇರಿಕೊಂಡಾಗ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ನಡುವೆ ಮುಳ್ಳು ಟಕ್ಕೆಂದು ಹಾರಿತು. ಗಫಾರ್ ರೂಮಿನಲ್ಲಿ ಕುಣಿಯುತ್ತ ಮೇಜಿಗೆ ಗುದ್ದಿ ಮಾಡಿದ ಗೀರು ಅದು. ಅಲ್ಲಿ ಹಾರದಿದ್ದರೆ ಅದು ನನ್ನ ಹಾಡೇ ಅಲ್ಲ. ಪ್ಲೇಟು ಮಗುಚಿ ಹಾಕೋಣ ಎಂದು ಎದ್ದೆ.

"ಬನ್ರೀ ಮೇಲಕ್ಕೆ, ಚಂದ್ರ ಮುಳುಗೋಯ್ತಾನೆ" ಎಂದು ಸರೋಜ ಕೂಗಿದಳು. ಯುಗಾದಿಯ ಎಳೆಚಂದ್ರನನ್ನು ನೋಡದೆ ನಮ್ಮ ಕಡೆ ಹಬ್ಬ ಮುಗಿಯುವುದಿಲ್ಲ. ಅದೇ ಚಂದ್ರ ಕಂಡರೆ ಶಿರಾದಲ್ಲಿ ನಾಳೆ ರಂಜಾನ್. ಮಾಳಿಗೆ ಹತ್ತಿದವರೆಲ್ಲ ಚಂದ್ರ ಕಾಣಲಿ ಎಂದು ಕೈಮುಗಿದರೆ ನಾನೊಬ್ಬ ಮೋಡ ಹುಡುಕುತ್ತಿದ್ದೆ. ಕಾಣದಿದ್ದರೆ ನನಗೆ ಇನ್ನೊಂದು ದಿನ! "ಅಗೋ ನೋಡಿ, ಹೆಂಗೆ ಕಾಣ್ತಾನೆ!" ಎಂದಳು ಸರೋಜ. ಉಗುರು ಕತ್ತರಿಸಿ ಎಸೆದಷ್ಟು ತೆಳ್ಳಗೆ, ನಾಚಿಕೆಯಿಲ್ಲದೆ ನಿಂತಿದ್ದ. ಅವನಿಗೆ ಬೈದುಕೊಂಡೇ ಮೆಟ್ಟಿಲಿಳಿದೆ. ಫೋನು ಬಡಿದುಕೊಳ್ಳುತ್ತಿತ್ತು.

"ಚಾಂದ್ ಕಾಣಿಸ್ತು ಕಣೋ! ನಾಳೆ ಬೆಳಗ್ಗೇನೇ ಬಂದ್ಬುಡು" ಎಂದ ಗಫಾರ್.

"ಇಲ್ಲಿ ಕಾಣಿಸ್ಲಿಲ್ಲ. ಮೋಡ" ಎಂದೆ. ಸರೋಜ ನನ್ನ ಮುಖವನ್ನೇ ನೋಡಿದಳು.

"ಅರೆ, ಮಧುಗಿರಿಗೆ ಬೇರೆ ಚಾಂದ್ ಮಾಡ್ಸವ್ರೇನಲಾ?"

ನನಗೆ ತಡೆಯಲಾಗಲಿಲ್ಲ. "ಲೇ, ವರ್ಷಕ್ಕೆ ಒಂದು ದಿನ ಕಣಲೇ ನಂಗೆ ಸಿಕ್ಕಿದ್ದು! ಅದ್ರಲ್ಲೂ ಅರ್ಧ ಪ್ಲೇಟು. ನೀನಲ್ಲಿ ವರ್ಷಪೂರ್ತಿ ಕೂತ್ಕಂಡು ಕೇಳ್ತೀಯ. ನಾನು ಕೊಡಲ್ಲ, ಬರೋದೂ ಇಲ್ಲ. ಇನ್ಮೇಲೆ ಜನವರಿಯಿಂದ ಜೂನ್ ನಂದು, ಮಿಕ್ಕಿದ್ದು ನಿಂದು. ಕೊರಿಯರಲ್ಲಿ ಕಳಿಸ್ಕೊಂಡ್ರಾಯ್ತು!"

"ಇಟ್ಕೊ. ಪೂರಾ ನೀನೇ ಇಟ್ಕೊ. ನಮ್ಮನೇಲಿ ಮಿಷನ್ ಕೆಟ್ಟು ಹತ್ತು ವರ್ಷದ ಮೇಲಾಯ್ತು. ಗುಜರಿಗೂ ಹೋಯ್ತು" ಎಂದ.

"ಮತ್ತೆ ವರ್ಷವರ್ಷ ಯಾಕೆ ಇಸ್ಕೊಂತಿದ್ದೆ?"

"ಅದನ್ನ ಕೊಡಾಕೆ ಅಂತ ನೀನು ಬರ್ತಿದ್ಯಲ್ಲ, ಅದಕ್ಕೆ. ಹೋದ್ ವರ್ಷ ಮೊಣಕಾಲು ನೋವು ಅಂತ ಬಸ್ ಕಂಡಕ್ಟರ್ ಕೈಲಿ ಕಳಿಸ್ದೆ. ಪ್ಲೇಟ್ ಬಂತು, ನೀನು ಬರ್ಲಿಲ್ಲ. ನಿಂಗೆ ಅಂತ ಎತ್ತಿಟ್ಟಿದ್ದ ಶೀರ್ ಖುರ್ಮಾ ಪಾಯ್ಸ ಸಾಯಂಕಾಲದವರೆಗೂ ಹಂಗೇ ಇತ್ತು. ಈ ಸಲ ಪ್ಲೇಟ್ ಬ್ಯಾಡ, ನೀನು ಬಾ."

ಫೋನು ಇಟ್ಟೆ. ಕೋಪ ಮಾಡಿಕೊಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದೆ, ಸರೋಜ ಸಿಕ್ಕಿದಳು. "ನಾಳೆ ಶಿರಾಕ್ಕೆ ಮೊದಲ್ನೇ ಬಸ್ಸು ಎಷ್ಟು ಗಂಟೆಗೆ ಅಂತ ಯಾರಿಗಾದ್ರೂ ಗೊತ್ತಾ ಈ ಮನೇಲಿ?" ಎಂದು ಅವಳ ಮೇಲೆ ಹರಿಹಾಯ್ದೆ.

"ಆರೂವರೆಗಂತೆ. ಮೊಣಕಾಲಿನ ಎಣ್ಣೆ ಚೀಲಕ್ಕೆ ಹಾಕ್ಲಾ?" ಎಂದಳು.

"ಬೇಡ!" ಎಂದು ಗದರಿದೆ. ಬೇಡ, ಯಾಕೆಂದರೆ ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಹೋದ ವರ್ಷವೂ ಏನೂ ಆಗಿರಲಿಲ್ಲ. ಹೋದ ವರ್ಷ ನನ್ನ ಪಾಲಿಗೆ ಎರಡೇ ದಿನ ಬಂದಿತ್ತು, ಆ ಸಿಟ್ಟು, ಅಷ್ಟೆ.